ಉಡಕಿ ಕಂಪ್ಯೂಟರು

ನಾನು ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಅಂಕಿ ಸರಾಗ ಓದುತ್ತೇನೆ, ಅಕ್ಷರಕ್ಕೆ ಬಂದರೆ ಬೆರಳಿಟ್ಟು ಓದಬೇಕು. ಇದನ್ನೂ ನಾನು ಹೇಳಿದೆ, ಸೊಸೆ ಬರೆದುಕೊಂಡಳು. ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದ್ದೇನೆ, ತನ್ನ ಕಡೆಯಿಂದ ಏನಾದರೂ ಸೇರಿಸಿದ್ದಾಳೋ ಎಂದು.

ಚಿತ್ತಾಪುರದಲ್ಲಿ ನನ್ನ ಕೆಲಸ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಉಡಕಿ ಮಾಡಿಸುತ್ತೇನೆ. ಗಂಡ ಸತ್ತವಳಿಗೆ, ಗಂಡ ಬಿಟ್ಟವಳಿಗೆ ಇನ್ನೊಂದು ಮನೆ ನೋಡಿ, ಸೀರೆ ಉಡಿಸಿ ಕಳಿಸುವುದಕ್ಕೆ ನಮ್ಮ ಕಡೆ ಉಡಕಿ ಎನ್ನುತ್ತಾರೆ. ಬಾಜಾ ಇಲ್ಲ, ಪತ್ರಿಕೆ ಇಲ್ಲ. ಕೂಡಿಬಂದ ಮೇಲೆ ಊರಿಗೆ ತಿಳಿದರೆ ಚಿಂತೆಯಿಲ್ಲ. ಕೂಡಿಬರುವ ಮೊದಲೇ ತಿಳಿದರೆ ಆ ಹೆಣ್ಣು ನಳದ ಮುಂದೆ ಕೊಡ ಹಿಡಿದು ನಿಲ್ಲುವ ಹಾಗಿಲ್ಲ.

ನನ್ನದೊಂದು ಪದ್ಧತಿ ಇದೆ. ಹೆಣ್ಣಿನ ಮಾತನ್ನು ಒಬ್ಬಳೇ ಇದ್ದಾಗ ಕೇಳುತ್ತೇನೆ. ಅಪ್ಪ, ಅಣ್ಣ, ಕಾಕಾ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕುತ್ತೇನೆ. ಏನು ಬೇಕು, ಏನು ಬೇಡ, ಅವಳ ಬಾಯಿಂದಲೇ ಬರಬೇಕು. ಮೊದಲು ಅದನ್ನು ಹಾಳೆಯಲ್ಲಿ ಬರೆಸಿ ಹೆಬ್ಬೆಟ್ಟು ಒತ್ತಿಸಿ ಟ್ರಂಕಿನಲ್ಲಿ ಇಡುತ್ತಿದ್ದೆ. ಯಾಕೆಂದರೆ ಹಿರಿಯರು ಕೂಡಿ ಮಾತಿಗೆ ಕೂತಾಗ ಹೆಣ್ಣು ಒಳಗೆ ಇರುತ್ತಾಳೆ. ಹೊರಗೆ ಅವಳ ಬಾಯಾಗಿ ಹತ್ತು ಬಾಯಿ ಮಾತಾಡುತ್ತವೆ. ಮೊಬೈಲು ಬಂದ ಮೇಲೆ ಹೆಬ್ಬೆಟ್ಟು ಬಿಟ್ಟೆ, ದನಿಯನ್ನೇ ಹಿಡಿದಿಡಲು ಹತ್ತಿದೆ. ದನಿಯನ್ನು ಯಾರೂ ಸುಳ್ಳು ಅನ್ನುವುದಿಲ್ಲ. ಯಾವುದಕ್ಕೂ ಹೆಸರು ಇಲ್ಲ, ನಂಬರು ಮಾತ್ರ. ಯಾವ ನಂಬರು ಯಾರದು ಎಂಬುದು ನನ್ನ ತಲೆಯಲ್ಲಿದೆ, ಬೇರೆಲ್ಲೂ ಇಲ್ಲ.

ಆದರೆ ಮೊಬೈಲು ಹತ್ತು ಕೈ ಓಡಾಡುವ ಸಾಮಾನು. ಸೊಸೆ ಕಚೇರಿಯಲ್ಲಿ ಟೈಪು ಹೊಡೆಯುವ ಕೆಲಸ ಮಾಡುತ್ತಾಳೆ, ಮನೆಗೂ ಒಂದು ಹಳೆಯ ಕಂಪ್ಯೂಟರು ತಂದಿದ್ದಳು. ದನಿಗಳನ್ನೆಲ್ಲ ಅದಕ್ಕೆ ಹಾಕಿಸಿ, ಮೊಬೈಲಿನಿಂದ ಅಳಿಸುವ ತನಕ ಅವಳ ತಲೆಯ ಮೇಲೆ ನಿಂತಿರುತ್ತಿದ್ದೆ. ಟ್ರಂಕಿನ ಹಾಳೆಗಳನ್ನೂ ಫೋಟೋ ಹೊಡೆಸಿ ಒಳಗೆ ಹಾಕಿಸಿದೆ. ಆಮೇಲೆ ಹಾಳೆಗಳನ್ನು ಸ್ನಾನದ ಹಂಡೆಯ ಕೆಳಗೆ ಉರಿಸಿದೆ. ಅವತ್ತು ಸೊಸೆ ಹೇಳಿದ್ದಳು:

"ಅತ್ತಿ, ಎಲ್ಲಾ ಒಂದೇ ಕಡಿ ಇಟ್ರ ಹ್ಯಾಂಗ್ರಿ? ಪೆನ್‌ಡ್ರೈವ್‌ನ್ಯಾಗ ಇನ್ನೊಂದು ನಕಲು ಇಡೋಣ."

"ನಕಲು ಅಂದ್ರ ಇನ್ನೊಂದು ಬಾಯಿ. ಬ್ಯಾಡ," ಎಂದೆ.

ಕಂಪ್ಯೂಟರಿನ ಡಬ್ಬಿಯನ್ನು ಗೋಡೆಯ ಅಲಮಾರಿಯಲ್ಲಿಟ್ಟು ಬೀಗ ಹಾಕಿದೆ. ವೈರು ಹೊರಗೆ ಬರಲು ಬಡಿಗ್ಯಾನಿಂದ ಬಾಗಿಲಿಗೊಂದು ತೂತು ಹೊಡೆಸಿದೆ. ನಮ್ಮ ಕಡೆಯ ಧೂಳು ನಿಮಗೆ ಗೊತ್ತಿಲ್ಲ, ಬಾಗಿಲು ಹಾಕಿದರೂ ಹಿಟ್ಟಿನ ಹಾಗೆ ಬಂದು ಕೂರುತ್ತದೆ. ಅದಕ್ಕೆ ಡಬ್ಬಿಗೆ ಒಂದು ಹಳೆಯ ಕೌದಿ ಹೊದಿಸಿದೆ. ಕೀಲಿ ನನ್ನ ನಡುವಿನಲ್ಲಿ. ಬೆಳಿಗ್ಗೆ ಬೀಗ ತೆಗೆದು ಸೊಸೆಗೆ ಬಟನ್ ಒತ್ತಲು ಬಿಟ್ಟು ಮತ್ತೆ ಬೀಗ. ಹೀಗೆ ಮೂರು ವರ್ಷ ನಡೆಯಿತು.

ಈಗ ನಲವತ್ತೇಳನೇ ನಂಬರಿನ ಮಾತು. ಚಿಂಚೋಳಿ ಆಚೆಯ ಹಳ್ಳಿಯವಳು. ಗಂಡ ಬಿಟ್ಟು ಬಿಡುಗಡೆಯ ಸೋಡಚೀಟಿ ಆಗಿದೆ, ಆರು ವರ್ಷದ ಮಗಳಿದ್ದಾಳೆ. ಅವಳಿಗೆ ಕಾಳಗಿ ಹತ್ತಿರದ ಒಬ್ಬ ಹೆಂಡತಿ ಸತ್ತವನನ್ನು ನೋಡಿದ್ದೆ. ಆ ಹೆಣ್ಣು ನನ್ನ ಮುಂದೆ ಇಟ್ಟ ಕರಾರು ಒಂದೇ: ಮಗಳು ಸಂಗಡ ಬರಬೇಕು. ಎಲ್ಲ ಕೂಡಿಬಂತು ಎನ್ನುವಾಗ ಅವಳ ಅಣ್ಣ ಮಾತು ತಿರುಗಿಸಿದ. ಕೂಸು ನಮ್ಮ ಮನೆಯಲ್ಲೇ ಇರುತ್ತದೆ, ತಂಗಿ ಅದಕ್ಕೂ ಹೂಂ ಅಂದಿದ್ದಾಳೆ ಎಂದು ಗಂಡಿನ ಕಡೆಯವರಿಗೆ ಹೇಳಿ ಕಳಿಸಿದ. ಗಂಡಿನ ತಾಯಿಗೆ ಬೇಕಾದದ್ದೂ ಅದೇ. ಹೆಣ್ಣು ಮೆತ್ತಗಿನವಳು. ಅಣ್ಣನ ಅನ್ನ ತಿನ್ನುವವಳು ಹಿರಿಯರ ಮುಂದೆ ಎದ್ದು ನಿಂತು ಇಲ್ಲ ಅನ್ನಲಾರಳು. ಗುರುವಾರ ಕಾಳಗಿಯಲ್ಲಿ ಮಾತು ಮುಗಿಸಬೇಕಿತ್ತು. ನನ್ನ ಹತ್ತಿರ ಅವಳ ದನಿ ಇದೆ ಎಂದು ನಾನು ಧೈರ್ಯವಾಗಿದ್ದೆ.

ಭಾನುವಾರ ಆ ಅಣ್ಣ ನಮ್ಮ ಮನೆಗೆ ಬಂದ. ನಾನು ಸಂತೆಗೆ ಹೋಗಿದ್ದೆ. ಸೊಸೆ ಚಹಾ ಮಾಡಿ ಕೊಟ್ಟಿದ್ದಾಳೆ. ಅವನು ಅಲಮಾರಿಗೆ ಬೆನ್ನು ಹಚ್ಚಿ ಕೂತು ಕುಡಿದು ಹೋಗಿದ್ದಾನೆ. ಸೋಮವಾರ ಬೆಳಿಗ್ಗೆ ಬಟನ್ ಒತ್ತಿದರೆ ಕಂಪ್ಯೂಟರು ಏಳಲಿಲ್ಲ. ಕರಿ ಪರದೆಯ ಮೇಲೆ ಬಿಳಿ ಇಂಗ್ಲಿಷು ನಾಲ್ಕು ಸಾಲು. ಒಳಗಿಂದ ಹಲ್ಲಿ ನುಡಿದ ಹಾಗೆ ಟಕ್, ಟಕ್.

"ಅಂವಾ ಎಲ್ಲಿ ಕುಂತಿದ್ದ?" ಎಂದು ಸೊಸೆಯನ್ನು ಕೇಳಿದೆ.

"ಇಲ್ಲೇ ಕುಂತಿದ್ದ. ಚಹಾ ಕುಡದ, ಹ್ವಾದ."

"ವೈರ್ ಜಗ್ಗಿರ್ಬೇಕು. ನೀ ಎಲ್ಲಿದ್ದಿ?"

"ಒಲಿ ಮುಂದ. ಮನಿಗಿ ಬಂದಾವ್ರ ಕೈ ಕಾಲು ಕಟ್ಟಿ ಚಹಾ ಕುಡಸ್ಬೇಕೇನ್ರಿ ಅತ್ತಿ?"

ಅವಳ ಮೇಲೂ ನನಗೆ ಅನುಮಾನ ಬಂತು, ಸುಳ್ಳು ಯಾಕೆ ಹೇಳಲಿ. ಈ ಕೆಲಸ ಬಿಡಿ, ಮನೆಗೆ ಬರುವವರಿಗೆ ಚಹಾ ಮಾಡಿ ಸಾಕಾಗಿದೆ ಎಂದು ಅವಳು ಹಿಂದಿನ ವಾರವೇ ಗೊಣಗಿದ್ದಳು.

ಮಂಗಳವಾರ ಬಜಾರದ ಅಂಗಡಿಗೆ ಒಯ್ದೆವು. ಅಲ್ಲಿಯವನು ಡಬ್ಬಿಗೆ ಕರೆಂಟು ಕೊಟ್ಟು, ಎರಡು ನಿಮಿಷವೂ ನೋಡಲಿಲ್ಲ.

"ವಿಂಡೋಸ್ ಹೋಗ್ಯದ ಆಯಿ. ಫಾರ್ಮ್ಯಾಟ್ ಹೊಡೀಬೇಕು. ಹೊಸದರಂಗ ಆಗ್ತದ."

"ಒಳಗಿದ್ದದ್ದು?"

"ಅದು ಹೋಗ್ತದ್ರಿ."

"ಅಂದ್ರ ಹೆಣಕ್ಕ ಹೊಸಾ ಧೋತರ ಉಡಸ್ತೀ ಅನ್ನು."

ಅವನು ನಕ್ಕ. "ಇಟ್ಟು ಹೋಗ್ರಿ, ನಾಕ್ ದಿನದಾಗ ಏನರ ಬರ್ತದೇನು ನೋಡ್ತೀನಿ," ಎಂದ. ಏನರ ಬರ್ತದೇನು ನೋಡುವುದು ಎಂದರೆ ಏನು? ನನ್ನ ಹೆಣ್ಣುಗಳ ಮಾತು ಕೇಳುವುದು. ಗುರುವಾರ ಬೇರೆ ಎದುರಿಗಿತ್ತು. ಡಬ್ಬಿ ಎತ್ತಿಸಿಕೊಂಡು ಬಂದೆ.

ಶಹಾಬಾದಿನಲ್ಲಿ ಒಬ್ಬಳಿದ್ದಾಳೆ ಎಂದು ಆಗ ಸೊಸೆ ಹೇಳಿದಳು. ಮುಸಲ್ಮಾನರ ಹೆಣ್ಣುಮಗಳು. ಗಂಡ ಅಂಗಡಿ ಇಟ್ಟಿದ್ದಾಗ ಕೆಲಸ ಕಲಿತು, ಈಗ ಮನೆಯಲ್ಲೇ ಕೂತು ರಿಪೇರಿ ಮಾಡುತ್ತಾಳೆ. ಕಚೇರಿಯ ಕಂಪ್ಯೂಟರು ಸತ್ತಾಗ ಒಂದು ಕಾಗದ ಕಳೆಯದೆ ತೆಗೆದುಕೊಟ್ಟಿದ್ದಳಂತೆ. ನನಗೆ ಸಮಾಧಾನ ಆಗಲಿಲ್ಲ.

"ಗಂಡಸು ನೋಡಿ ಮರೀತಾನ. ಹೆಂಗಸು ನೋಡಿ ಹೇಳ್ತಾಳ," ಎಂದೆ.

"ಹಂಗಾರ ಮನ್ಯಾಗ ಪೂಜಾ ಮಾಡ್ಕೋತ ಕುಂದ್ರಿ," ಎಂದಳು ಸೊಸೆ.

ಬುಧವಾರ ಅವಳು ರಜೆ ಹಾಕಿದಳು. ಡಬ್ಬಿಯನ್ನು ಅದೇ ಕೌದಿಯಲ್ಲಿ ಸುತ್ತಿ, ಗೋಣಿಚೀಲಕ್ಕೆ ಹಾಕಿ ರೈಲು ಹತ್ತಿದೆವು. ವಾಡಿಯಲ್ಲಿ ಇಳಿದು ಶಹಾಬಾದಿನ ಗಾಡಿಗೆ ಕಾಯುವಾಗ ಬಾಜೂಕ್ಕೆ ಕೂತ ಹೆಂಗಸೊಬ್ಬಳು ಏನಿದೆ ಅದರಲ್ಲಿ ಎಂದು ಕೇಳಿದಳು. ಜೋಳದ ಹಿಟ್ಟು ಎಂದೆ.

"ಹಿಟ್ಟಿಗಿ ಬಾಲ ಯಾಕ ಬಂದದ ಅಮ್ಮ?" ಎಂದು ಹೊರಗೆ ಜೋತುಬಿದ್ದ ವೈರು ತೋರಿಸಿದಳು. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದಳು. ನಾನು ಚೀಲ ಎತ್ತಿ ಬೇರೆ ಬೆಂಚಿಗೆ ಹೋದೆ.

ರಿಪೇರಿಯವಳಿಗೆ ನಲವತ್ತು ಇರಬಹುದು. ಎರಡು ಖೋಲಿಯ ಮನೆ, ನೆಲಕ್ಕೆ ಫರ್ಸಿ ಕಲ್ಲು, ಹೊರಗಿನ ಬಿಸಿಲು ಒಳಗೆ ಗೊತ್ತಾಗದಷ್ಟು ತಂಪು. "ಬರ್ರಿ ಅಮ್ಮಾ, ಕುಂದ್ರಿ," ಎಂದಳು. ನಾನು ಕುರ್ಚಿ ಬಿಟ್ಟು ಅವಳ ಮೇಜಿನ ಬಾಜೂಕ್ಕೆ, ಕೈಗಳು ಕಾಣುವ ಹಾಗೆ ಕೂತೆ.

ಅವಳು ಡಬ್ಬಿಗೆ ಕರೆಂಟು ಕೊಡಲಿಲ್ಲ. ಮೊದಲು ಏನಾಯಿತು, ಯಾವ ಸಪ್ಪಳ ಬಂತು, ಎಷ್ಟು ಸಲ ಬಟನ್ ಒತ್ತಿದಿರಿ ಎಂದು ಕೇಳಿದಳು. ಸೋಮವಾರದಿಂದ ಹತ್ತಿಪ್ಪತ್ತು ಸಲ ಒತ್ತಿದ್ದೇವೆ ಎಂದಳು ಸೊಸೆ.

"ಇನ್ನ ಒತ್ತಬ್ಯಾಡ್ರಿ. ಅದು ಸಾಯಾಕತ್ತದ, ನೀವು ಎಬ್ಬಿಸಿ ಎಬ್ಬಿಸಿ ಓಡಸಾಕತ್ತೀರಿ." ಮುಚ್ಚಳ ಬಿಚ್ಚಿದಳು. ಒಳಗೆ ಧೂಳು ಬೆಕ್ಕಿನ ತುಪ್ಪಳದ ಹಾಗೆ ಕೂತಿತ್ತು. ಅದರಲ್ಲಿ ಕೆಂಪು ನೂಲಿನ ಎಳೆ. ಅವಳು ಎಳೆಯನ್ನು ಎತ್ತಿ ಹಿಡಿದು ನಾನು ತಂದಿದ್ದ ಕೌದಿಯನ್ನು ನೋಡಿದಳು. "ಇದನ್ನ ಎಲ್ಲಿಟ್ಟಿದ್ರಿ?"

ಸೊಸೆ ಹೇಳಿದಳು: "ಅಲಮಾರ್ಯಾಗ. ಕೌದಿ ಹೊದಿಸಿ. ಬೀಗ ಹಾಕಿ."

"ಚಾಲೂ ಇದ್ದಾಗನೂ?"

"ಚಾಲೂ ಇದ್ದಾಗನೂ."

"ಯಾ ಅಲ್ಲಾ," ಎಂದಳು ಅವಳು, ನಕ್ಕಳೋ ಬೈದಳೋ ತಿಳಿಯಲಿಲ್ಲ. "ಅಮ್ಮಾ, ಇದರ ಬೆನ್ನಾಗ ಫ್ಯಾನ್ ಅದ. ಬಿಸಿ ಗಾಳಿ ಹೊರಗ ಹಾಕ್ತದ. ನೀವು ಅದರ ಮೂಗು ಬಾಯಿ ಕಟ್ಟಿ ಪೆಟಗ್ಯಾಗ ಹಾಕೀರಿ. ಮೂರು ವರ್ಷ ಬದುಕಿದ್ದೇ ಭಾಳ ಆತು."

ಅಂದರೆ ಆ ಅಣ್ಣ ವೈರು ಜಗ್ಗಿರಲಿಲ್ಲ. ಸೊಸೆ ನನ್ನ ಕಡೆ ನೋಡಿದಳು, ನಾನು ನೆಲ ನೋಡಿದೆ.

ಅವಳು ಒಳಗಿಂದ ಒಂದು ಸಣ್ಣ ಪೆಟ್ಟಿಗೆ ಹೊರತೆಗೆದಳು, ಇಸ್ಪೀಟು ಕಟ್ಟಿನ ಎರಡರಷ್ಟು ಇತ್ತು. ನಿಮ್ಮದೆಲ್ಲ ಇದರಲ್ಲೇ ಇರುವುದು ಎಂದಳು. ನನ್ನ ನಲವತ್ತೇಳೂ ಜನ ಅಷ್ಟರಲ್ಲಿ. "ಈಗ ನೋಡ್ರಿ, ಮನಿ ಬಾಗ್ಲಾ ಮುರದು ಸಿಗಿಬಿದ್ದದ. ಒಳಗಿನ ಸಾಮಾನು ಒಳಗೇ ಅದ. ಬಾಗ್ಲಾ ಆಮ್ಯಾಲ ರಿಪೇರಿ ಮಾಡೋಣ. ಮೊದ್ಲ ಕಿಡಕ್ಯಾಗಿಂದ ಸಾಮಾನು ತಗೀಬೇಕು." ಆ ಪೆಟ್ಟಿಗೆಯನ್ನು ವೈರಿನಿಂದ ತನ್ನ ಕಂಪ್ಯೂಟರಿಗೆ ಜೋಡಿಸಿದಳು. ಇದರಲ್ಲಿ ನಾನು ಏನೂ ಬರೆಯುವುದಿಲ್ಲ, ಓದಿ ಇನ್ನೊಂದು ಹೊಸ ಡಿಸ್ಕಿಗೆ ಹಾಕುತ್ತೇನೆ ಅಷ್ಟೇ ಎಂದಳು. ಆ ಹೊಸ ಡಿಸ್ಕನ್ನು ನಾನು ಇಸಿದುಕೊಂಡು, ತಿರುಗಿಸಿ ನೋಡಿ, ಪ್ಲಾಸ್ಟಿಕ್ ನಾನೇ ಹರಿದು ಕೊಟ್ಟೆ. ಮೊದಲೇ ಏನಾದರೂ ತುಂಬಿಟ್ಟಿದ್ದರೆ?

"ಯಾವುದು ಮೊದ್ಲ ಬೇಕು ಹೇಳ್ರಿ," ಎಂದಳು. "ಇದರ ಉಸಿರು ಜರಾನೇ ಉಳದದ. ಬ್ಯಾಡಾದ್ದಕ್ಕ ಖರ್ಚ್ ಮಾಡೂದು ಬ್ಯಾಡ."

ನನ್ನ ಬಾಯಿಗೆ ನಲವತ್ತೇಳು ಎಂದು ಬಂತು. ನುಂಗಿಕೊಂಡೆ. ಬೇಕಾದದ್ದನ್ನು ಬೆರಳು ಮಾಡಿ ತೋರಿಸುವುದೂ ಅದನ್ನು ನೋಡು ಎನ್ನುವುದೂ ಒಂದೇ. "ಎಲ್ಲಾ ಬೇಕು. ಮೊದಲಿಂದ ತಗಿ," ಎಂದೆ. ಸೊಸೆ "ಅತ್ತಿ..." ಎಂದಳು. "ನೀ ಸುಮ್ಕಿರು," ಎಂದೆ.

ಒಂದು ಹಸಿರು ಪಟ್ಟಿ ತೆವಳಲು ಹತ್ತಿತು. ಒಂದು ತಾಸು ಕೂತೆವು. ಯಾರದೋ ಜವಳದ ಫೋಟೋ ಬಂದವು, ಸೊಸೆ ಇಳಿಸಿಕೊಂಡಿದ್ದ ರಂಗೋಲಿ, ಕುಪ್ಪಸದ ಡಿಸೈನು, ಸಿನೆಮಾ ಹಾಡು ಬಂದವು. ರಿಪೇರಿಯವಳು ಒಮ್ಮೆಯೂ ಯಾವುದನ್ನೂ ತೆರೆಯಲಿಲ್ಲ. ಆದರೆ ನಾನು ಕಣ್ಣು ಕೀಳಲಿಲ್ಲ. ಚಹಾ ತಂದಿಟ್ಟಳು, ಆರಿಹೋಯಿತು. ಕುಪ್ಪಸದ ಡಿಸೈನು ಮುಗಿದು ಇನ್ನೇನು ದನಿಗಳ ಖಾನೆಗೆ ಬರಬೇಕು, ಪಟ್ಟಿ ನಿಂತಿತು. ಪೆಟ್ಟಿಗೆಯಿಂದ ಟಕ್, ಟಕ್.

ಅವಳು ತಟ್ಟನೆ ವೈರು ಕಿತ್ತಳು. ಪೆಟ್ಟಿಗೆಯನ್ನು ನನ್ನ ಅಂಗೈಗೆ ಹಚ್ಚಿದಳು. ರೊಟ್ಟಿಯ ಹಂಚು ಇಳಿಸಿದ ಮೇಲೆ ಇರುವಷ್ಟು ಬಿಸಿ.

"ಅಮ್ಮಾ, ಈಗರ ಹೇಳ್ರಿ. ಕುಪ್ಪಸಾ ಬೇಕಿತ್ತೇನು ನಿಮಗ?"

ಇಷ್ಟು ವಯಸ್ಸಿಗೆ ಒಬ್ಬಳ ಮುಂದೆ ಹೀಗೆ ತಲೆ ತಗ್ಗಿಸಿದ್ದು ಕಡಿಮೆ. "ನಲವತ್ತೇಳು," ಎಂದೆ. "ಒಂದು ಹೆಣ್ಣಿನ ಮಾತು ಅದ. ನಾಳಿಗಿ ಬೇಕು. ಅದು ಸಿಗಲಿಲ್ಲಂದ್ರ ತಾಯಿ ಒಂದು ಕಡಿ, ಕೂಸು ಒಂದು ಕಡಿ ಆಗ್ತದ." ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಅವಳು ಎದ್ದಳು. ಖೋಲಿಯ ಮೂಲೆಯಲ್ಲಿ, ನೀರಿನ ಕೊಡ ಇಡುವ ಕಡೆ, ಫರ್ಸಿಯನ್ನು ಒಣ ಅರಿವೆಯಿಂದ ಒರೆಸಿದಳು. ಪೆಟ್ಟಿಗೆಯನ್ನು ತೆಳ್ಳನೆಯ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಲ್ಲಿನ ಮೇಲೆ ಮಲಗಿಸಿದಳು. "ಶಹಾಬಾದಿನ ಕಲ್ಲು, ಎಂಥಾ ಬಿಸಿನೂ ಕುಡೀತದ," ಎಂದಳು. ನಾವು ಮೂವರೂ ಹೆರಿಗೆ ಖೋಲಿಯ ಹೊರಗೆ ಕೂತವರ ಹಾಗೆ ಕೂತೆವು. ನನ್ನ ಕೈ ನಡುವಿನ ಕೀಲಿಯ ಮೇಲೆ ಇತ್ತು. ಮನೆಯ ಅಲಮಾರಿ ಖಾಲಿ, ಕೀಲಿ ಹಿಡಿದುಕೊಂಡು ಏನು ಮಾಡಬೇಕಿತ್ತೋ.

ಅರ್ಧ ತಾಸಿನ ಮೇಲೆ ಮತ್ತೆ ಜೋಡಿಸಿದಳು. ಈ ಸಲ ಮೊದಲು ನಲವತ್ತೇಳು. ಪಟ್ಟಿ ಅರ್ಧಕ್ಕೆ ನಿಂತಿತು, ಮತ್ತೆ ನಡೆಯಿತು. ಬಂತು. ಆಮೇಲೆ ಉಳಿದ ದನಿಗಳು, ಹಾಳೆಗಳ ಫೋಟೋ ಒಂದೊಂದೇ. ನಾಲ್ಕು ಬರಲಿಲ್ಲ. ಆ ನಾಲ್ವರ ಮನೆಗೆ ಮತ್ತೆ ಹೋಗಿ ಕೂತು ಕೇಳಬೇಕಾಯಿತು, ಅದು ಬೇರೆ ಮಾತು.

"ಬಂದದ ಖರೇ. ಸರಿ ಅದನೋ ಇಲ್ಲೋ ಕೇಳಿದ್ರನೇ ಗೊತ್ತಾಗ್ತದ," ಎಂದಳು. ನಾನು ಅವಳ ಮುಖ ನೋಡಿದೆ. ಅವಳಿಗೆ ತಿಳಿಯಿತು. ಬಾಣದ ಗುರುತನ್ನು ನಲವತ್ತೇಳರ ಮೇಲೆ ತಂದು ಇಟ್ಟು, ನನ್ನ ಬೆರಳನ್ನು ಮೌಸಿನ ಮೇಲೆ ಕೂರಿಸಿ, "ಲಗು ಲಗು ಎರಡು ಸಲ ಒತ್ರಿ," ಎಂದು ಹೇಳಿ ಬಾಗಿಲ ಪರದೆ ಸರಿಸಿ ಅಡುಗೆ ಖೋಲಿಗೆ ಹೋದಳು. ಸೊಸೆಯನ್ನು ಹೊರಗಿನ ಕಟ್ಟೆಗೆ ಕಳಿಸಿದೆ. ಐದಾರು ಸಲ ತಪ್ಪಿತು. ಆಮೇಲೆ ದನಿ ಬಂತು, ನಾನು ಅಂದುಕೊಂಡದ್ದಕ್ಕಿಂತ ಜೋರಾಗಿ. ಸಣ್ಣದು ಮಾಡುವುದು ನನಗೆ ಬರುತ್ತಿರಲಿಲ್ಲ.

"ಮಗಳು ನನ್ನ ಸಂಗಟ ಬರ್ಬೇಕು ಆಯಿ. ಅಕಿ ಬರ್ಲಿಲ್ಲಂದ್ರ ನಾನೂ ಬರಲ್ಲ."

ಇದೇ, ಇಷ್ಟೇ ನನಗೆ ನೆನಪಿದ್ದದ್ದು. ಆದರೆ ಅದು ಅಲ್ಲಿಗೆ ಮುಗಿಯಲಿಲ್ಲ. ಅದರ ಬೆನ್ನಿಗೆ ಇನ್ನೊಂದು ದನಿ ಬಂತು, ಒರಟಾದದ್ದು. ಯಾವ ಮುದುಕಿ ಇದು ಎಂದು ಒಂದು ಗಳಿಗೆ ತಿಳಿಯಲಿಲ್ಲ.

"ಅದನ್ನ ಆಮ್ಯಾಲ ನೋಡೋಣ. ಮೊದ್ಲ ಹೂಂ ಅನ್ನು. ಇಷ್ಟು ಕರಾರು ಕಟ್ಕೊಂಡು ಕುಂತ್ರ ನಿನ್ನ ಯಾರ ಕೇಳ್ತಾರ?"

ದೂರದಲ್ಲಿ ಆಡೊಂದು ಒದರಿತು. ಆಮೇಲೆ ಆ ಹೆಣ್ಣಿನ ದನಿ: "ಹೂಂ."

ಹೆಣ್ಣಿನ ಮಾತು ಅವಳ ಬಾಯಿಂದಲೇ ಬರಬೇಕು ಎನ್ನುವವಳು ನಾನು. ಆ ಹೂಂ ಅವಳದಲ್ಲ, ನಾನು ಹೊರಡಿಸಿದ್ದು. ಅವಳ ಅಣ್ಣ ಹೊಸ ಸುಳ್ಳೇನೂ ಹುಟ್ಟಿಸಿರಲಿಲ್ಲ. ಅವಳು ಹೂಂ ಅಂದಳು ಎಂದು ಹೊರಗೆ ಬಂದು ಅವನಿಗೆ ಹೇಳಿದವಳು ನಾನೇ, ನಾನು ತೆರೆದಿಟ್ಟ ಸಂದಿಯಲ್ಲಿ ಅವನು ಕೈ ಹಾಕಿದ್ದ.

ರಿಪೇರಿಯವಳು ಬಂದಾಗ ಕೇಳಿದೆ: "ಇದರಾಗ ನಡುವಿನ ಮಾತು ಕತ್ತರಸಾಕ ಬರ್ತದೇನು?"

"ಬರ್ತದ. ಎಲ್ಲಿಂದ ಎಲ್ಲಿತನ ಅಂತ ತೋರಸ್ರಿ."

ತೋರಿಸಬೇಕಾದರೆ ಕೇಳಿಸಬೇಕು. ಬೇಡ ಎಂದೆ. ಅದು ನನ್ನ ಒಳ್ಳೆಯತನ ಎಂದು ತಿಳಿಯಬೇಡಿ. ಮನೆಗೆ ಹೋಗಿ ಸೊಸೆಯ ಕೈಯಿಂದ ಕತ್ತರಿಸಿದರಾಯಿತು ಎಂದು ಅಂದುಕೊಂಡೇ ಎದ್ದೆ. ವಾಡಿಯ ತನಕ ಅದೇ ಲೆಕ್ಕ ತಲೆಯಲ್ಲಿತ್ತು. ಚಿತ್ತಾಪುರ ಬರುವ ಹೊತ್ತಿಗೆ ಬಿಟ್ಟೆ. ಅಣ್ಣ ತಂಗಿಯ ಮಾತು ಕತ್ತರಿಸಿ ಹೂಂ ಒಂದನ್ನೇ ಇಟ್ಟುಕೊಂಡಿದ್ದಾನೆ. ನಾನೂ ಕತ್ತರಿಸಿದರೆ ಅವನನ್ನು ಯಾವ ಬಾಯಿಂದ ಬೈಯಲಿ?

ಗುರುವಾರ ಕಾಳಗಿಯಲ್ಲಿ ಗಂಡಿನ ಸೋದರಮಾವನ ಪಡಸಾಲೆಯಲ್ಲಿ ಕೂತೆವು. ಹೆಣ್ಣು ತನ್ನ ಮಗಳೊಂದಿಗೆ ಒಳಗೆ. ಅಣ್ಣ ತನ್ನ ಮಾತು ಹೇಳಿದ, ಗಂಡಿನ ತಾಯಿ ಗೋಣು ಹಾಕಿದಳು. ಆ ದನಿಯನ್ನು ಶಹಾಬಾದಿನಲ್ಲೇ ಸೊಸೆಯ ಮೊಬೈಲಿಗೆ ಹಾಕಿಸಿಕೊಂಡಿದ್ದೆ. ಮೊಬೈಲು ನಡುವೆ ಇಟ್ಟು ಪೂರ್ತಿ ಕೇಳಿಸಿದೆ. ನನ್ನ ಮಾತು ಬಂದ ಕೂಡಲೇ ಅಣ್ಣ ತೊಡೆ ತಟ್ಟಿದ.

"ಕೇಳಿದ್ರೇನು? ಆಮ್ಯಾಲ ನೋಡೋಣ ಅಂತ ಆಯಿನೇ ಅಂದಾಳ! ಹೂಂ ಅನಸ್ದಾಕಿ ಅಕಿನೇ, ಈಗ ನ್ಯಾಯ ಹೇಳಾಕ ಬಂದಾಳ!"

"ಅಂದೀನಿ," ಎಂದೆ. "ನಾ ಅಂದದ್ದು ತಪ್ಪು. ಅಕಿ ಅಂದದ್ದು ಅದರಕಿಂತ ಮೊದ್ಲ ಅದ, ಅದನ್ನ ಕೇಳ್ರಿ."

ಅಲ್ಲಿಯ ತನಕ ಬಾಯಿ ತೆರೆಯದಿದ್ದ ಆ ಗಂಡು, ನಲವತ್ತು ದಾಟಿದವನು, ಮೊಬೈಲಿಗೆ ಕೈ ತೋರಿಸಿದ. "ಮತ್ತೊಮ್ಮೆ ಹಚ್ರಿ," ಎಂದ. ಸೊಸೆ ಹಚ್ಚಿದಳು. ಅವನು ತಲೆ ಬಗ್ಗಿಸಿ ಕೇಳಿದ. ಮುಗಿದ ಮೇಲೆ ತಾಯಿಯ ಕಡೆ ನೋಡಲಿಲ್ಲ, ಒಳಗಿನ ಬಾಗಿಲ ಕಡೆ ತಿರುಗಿ ಕೇಳಿದ:

"ಕೂಸು ಎಷ್ಟನೇತ್ತದಾಗ ಅದ? ನಮ್ಮ ಓಣ್ಯಾಗೇ ಸಾಲಿ ಅದ."

ಒಳಗಿಂದ ಕೂಸೇ ಕೂಗಿ ಹೇಳಿತು, ಒಂದನೇತ್ತ ಎಂದು.

ಈಗ ಕಂಪ್ಯೂಟರು ನಡುಮನೆಯಲ್ಲಿ ಬೆನ್ನು ತೆರೆದುಕೊಂಡು ಕೂತಿದೆ. ನಕಲು ಒಂದು ಸೊಸೆಯ ಹತ್ತಿರ ಇದೆ, ಒಂದು ನನ್ನ ಹತ್ತಿರ. ಅವಳು ಕೇಳುತ್ತಾಳೋ ಏನೋ ಎಂಬ ಅನುಮಾನ ಇದ್ದೇ ಇದೆ. ಇದನ್ನು ಬರೆಯುವಾಗ ಅವಳು ನಕ್ಕಳು, ನಗಲಿ.

ಎರಡು ತಿಂಗಳ ಮೇಲೆ ಶಹಾಬಾದಿನಿಂದ ಒಬ್ಬ ಹೆಣ್ಣುಮಗಳು ಬಂದಳು, ಗಂಡ ಸತ್ತು ಮೂರು ವರ್ಷ. ರಿಪೇರಿಯವಳ ಓಣಿಯವಳು, ಅವಳೇ ಕಳಿಸಿದ್ದಳಂತೆ. ಒಳಗೆ ಕರೆದು ಬಾಗಿಲು ಹಾಕಿದೆ. ಅವಳು ಕೂತವಳೇ ಹೇಳಿದಳು:

"ಆಯಿ, ಮೊದ್ಲ ನನ್ನ ಮಾತು ಪೂರಾ ಕೇಳ್ರಿ. ಹೂಂ ಅನ್ನು ಅಂತ ನಡು ಬಾಯಿ ಹಾಕಬ್ಯಾಡ್ರಿ."

ರಿಪೇರಿಯವಳು ಅವತ್ತು ಪರದೆಯ ಹಿಂದೆ ಕೇಳಿಸಿಕೊಂಡಿದ್ದಳು. ಹೆಂಗಸು ಹೇಳುತ್ತಾಳೆ ಎಂದು ನಾನು ಮೊದಲೇ ಹೇಳಿದ್ದೆ. ಮೊಬೈಲಿನ ಬಟನ್ ಒತ್ತಿ ನಡುವೆ ಇಟ್ಟೆ, ಬಾಯಿ ಮುಚ್ಚಿಕೊಂಡು ಕೂತೆ.